ನಾಲ್ಕು ಹತ್ತಕ್ಕೆ ಬಾರದ ಹಾಡು

ನಮ್ಮ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು ಹಸಿದು ಸತ್ತ ಉದಾಹರಣೆ ಇಲ್ಲ. ಬೇರೆ ಊರುಗಳಲ್ಲಿ ಕಂಪ್ಯೂಟರಿಗೆ ನೂರೆಂಟು ರೋಗಗಳಂತೆ. ನಮ್ಮಲ್ಲಿ ಒಂದೇ: "ಹಾಡು ಬರ್ತಿಲ್ಲ." ಹದಿನೆಂಟು ತಿಂಗಳು ದೊಡ್ಡ ಊರೊಂದರ ಹಾಸ್ಟೆಲಿನಲ್ಲಿ ನೀರು ಸಾರು ಉಂಡು, ಹಾರ್ಡ್‌ವೇರ್ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು ಹಾಕಿಸಿಕೊಂಡು ಬಂದಿಳಿದವಳು ನಾನು. ಕಳೆದ ಹದಿನಾಲ್ಕು ವರ್ಷಗಳಲ್ಲಿ ನಾನು ಮಾಡಿರುವ ಘನಕಾರ್ಯವೆಂದರೆ ಜನರ ಮನೆಗೆ ಹೋಗಿ ಸ್ಪೀಕರಿನ ವೈರನ್ನು ಕಿತ್ತು, ಊದಿ, ಮತ್ತೆ ಅಲ್ಲೇ ಸಿಕ್ಕಿಸುವುದು.

ಹಾಡು ಯಾಕೆ ಬರುವುದಿಲ್ಲ ಎನ್ನುವುದು ತೊಟ್ಟಿಲ ಕೂಸಿಗೂ ಗೊತ್ತು. ನಮ್ಮ ಊರಿನಲ್ಲಿ ಒಂದು ಹಾಡು ಒಂದು ಹೊತ್ತಿಗೆ ಒಂದೇ ಮನೆಯಲ್ಲಿ ಕೇಳಿಸುತ್ತದೆ. ಮೊದಲು ಹಾಕಿದವರಿಗೆ ದಕ್ಕಿತು. ಅದೇ ಹಾಡನ್ನು ಆಮೇಲೆ ಇನ್ನೊಬ್ಬರು ಹಾಕಿದರೆ ಪರದೆಯ ಮೇಲೆ ಗೆರೆ ಓಡುತ್ತದೆ, ನಿಮಿಷ ಸೆಕೆಂಡುಗಳ ಲೆಕ್ಕ ನಡೆಯುತ್ತದೆ, ಸದ್ದು ಮಾತ್ರ ಇರುವುದಿಲ್ಲ. ಆ ಮನೆಯವರು ನಿಲ್ಲಿಸಿದ ಕ್ಷಣಕ್ಕೆ ಈ ಮನೆಯ ಸ್ಪೀಕರು ಹಾಡಿನ ನಡುವಿನಿಂದಲೇ ಬಾಯಿ ತೆರೆಯುತ್ತದೆ. ಟೇಪ್ ರೆಕಾರ್ಡರ್ ಕಾಲದಲ್ಲೂ ಹೀಗೇ ಇತ್ತು. ಅದಕ್ಕೂ ಹಿಂದೆ, ತಟ್ಟೆಯ ಮೇಲೆ ಸೂಜಿ ಇಡುವ ಕಾಲದಲ್ಲೂ ಹೀಗೇ ಇತ್ತೆಂದು ಹಿರಿಯರು ಹೇಳುತ್ತಾರೆ.

ಜನ ಇದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಬೆಳಗಿನ ದೇವರ ಹಾಡನ್ನು ನಿವೃತ್ತ ಅಮಲ್ದಾರರೊಬ್ಬರು ಎಲ್ಲರಿಗಿಂತ ಮುಂಚೆ ಎದ್ದು ಹಾಕಿ, ಅದನ್ನೇ ಮತ್ತೆ ಮತ್ತೆ ಬರುವ ಹಾಗೆ ಮಾಡಿ, ಮಲಗಿ ನಿದ್ದೆ ಮಾಡುತ್ತಾರೆ. ಹಾಗಾಗಿ ಊರಿನ ಉಳಿದ ಭಕ್ತರು ದಿನವನ್ನು ಅಮಲ್ದಾರರಿಗೆ ಶಾಪ ಹಾಕುತ್ತಾ ಆರಂಭಿಸುತ್ತಾರೆ. ಮದುವೆಯ ದಿನಗಳಲ್ಲಿ ಪುರಸಭೆಯವರು ಹಾಡಿನ ಸರದಿ ಪುಸ್ತಕ ಇಡುತ್ತಾರೆ. ಛತ್ರ ಸಿಗುತ್ತದೆ, ಹಾಡು ಸಿಗುವುದಿಲ್ಲ. ಅಗಸರ ಬೀದಿಯ ಅಣ್ಣತಮ್ಮಂದಿರಿಬ್ಬರು ಆಸ್ತಿಯನ್ನು ಗೋಡೆ ಗೋಡೆಯಾಗಿ ಪಾಲು ಮಾಡಿಕೊಂಡ ಮೇಲೆ, ತಮ್ಮನಿಗೆ ಇಷ್ಟವಾದ ಹಾಡನ್ನು ಅಣ್ಣ ಹಗಲಿಡೀ ವಾಲ್ಯೂಮ್ ಸೊನ್ನೆಗೆ ಇಟ್ಟು ಓಡಿಸುತ್ತಿದ್ದಾನೆ. ತಾನೂ ಕೇಳುವುದಿಲ್ಲ. ಕೇಳದೆ ಇರುವುದರಲ್ಲಿ ಅವನಿಗೆ ಸಿಗುವ ಆನಂದ ಯಾವ ಸಂಗೀತದಲ್ಲೂ ಇಲ್ಲವಂತೆ. ಇನ್ನು ಕೆಲವರು ಯಾರಿಗೂ ಬೇಡವಾದ ಹಾಡುಗಳನ್ನು ಹುಡುಕಿ ಕೇಳಿ, ತಮಗೆ ಉನ್ನತ ಅಭಿರುಚಿ ಇದೆಯೆಂದು ಹೇಳಿಕೊಂಡು ತಿರುಗುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ, ತಮ್ಮ ಮನೆಯಲ್ಲಿ ಹಾಡು ಬಾರದೆ ಹೋದ ತಕ್ಷಣ ಪ್ರತಿಯೊಬ್ಬರಿಗೂ ಅನ್ನಿಸುವುದು ಒಂದೇ, ಕಂಪ್ಯೂಟರ್ ಕೆಟ್ಟಿದೆ. ನಾನೂ ಇಲ್ಲ ಎನ್ನುವುದಿಲ್ಲ. ಹೋಗುತ್ತೇನೆ. ಸ್ಪೀಕರಿಗೆ ಕರೆಂಟ್ ಇದೆಯೇ ನೋಡುತ್ತೇನೆ. ಮೂಲೆಯಲ್ಲಿ ಮ್ಯೂಟ್ ಆಗಿದೆಯೇ ನೋಡುತ್ತೇನೆ. ಹಸಿರು ತೂತಿಗೆ ಹಾಕಬೇಕಾದ ವೈರನ್ನು ಗುಲಾಬಿ ತೂತಿಗೆ ಹಾಕಿದ್ದಾರೆಯೇ ನೋಡುತ್ತೇನೆ. ಆಮೇಲೆ ಗಂಭೀರವಾಗಿ "ಡ್ರೈವರ್ ಹೋಗಿದೆ" ಎಂದು ಹೇಳಿ ಹೊಸದನ್ನು ಹಾಕುತ್ತೇನೆ. ಅಷ್ಟು ಹೊತ್ತಿಗೆ ಆ ಇನ್ನೊಂದು ಮನೆಯವರು ಊಟಕ್ಕೆ ಎದ್ದಿರುತ್ತಾರೆ, ಹಾಡು ಬರುತ್ತದೆ, ನನ್ನ ವಿದ್ಯೆಗೆ ಮನೆಯವರು ತಲೆದೂಗುತ್ತಾರೆ.

ಹೀಗೆ ಮರ್ಯಾದೆಯಿಂದ ಬಾಳುತ್ತಿದ್ದವಳಿಗೆ ಒಂದು ದಿನ ಸರ್ವಮಂಗಳಾ ಮೇಡಂ ಫೋನ್ ಮಾಡಿದರು.

ಸರ್ವಮಂಗಳಾ ಮೇಡಂ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಡ್‌ಮೇಡಂ ಆಗಿದ್ದವರು. ನಿವೃತ್ತರಾಗಿ ಆರು ವರ್ಷವಾದರೂ ಅವರು ಎದುರಿಗೆ ಬಂದರೆ ಊರಿನ ಅರ್ಧ ಹೆಂಗಸರು ಈಗಲೂ ಸೆರಗು ಸರಿಮಾಡಿಕೊಂಡು ರಸ್ತೆಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಶಾಲೆ ಊರಿನಿಂದ ಎರಡು ಮೈಲಿ ದೂರ. ನಾವು ನಡೆದು ಹೋಗುತ್ತಿದ್ದೆವು, ಅವರು ಬಸ್ಸಿನಲ್ಲಿ ಬರುತ್ತಿದ್ದರು. ಗಂಟೆ ಹೊಡೆದ ಮೇಲೆ ಬಂದವಳು ಗೇಟಿನ ಹೊರಗೆ. "ನಾನು ಹದಿನೇಳು ವರ್ಷದಿಂದ ಒಂದೇ ಬಸ್ಸಿಗೆ ಬರ್ತಿದೀನಿ. ಒಂದು ದಿನ, ಒಂದೇ ಒಂದು ದಿನ ತಡ ಮಾಡಿದ್ದೀನಾ?" ಎಂದು ಸೋಮವಾರದ ಪ್ರಾರ್ಥನೆಯ ನಂತರ ಕೇಳುತ್ತಿದ್ದರು. ಆರುನೂರು ಹುಡುಗಿಯರು ಒಟ್ಟಿಗೆ "ಇಲ್ಲ ಮೇಡಂ" ಎನ್ನುತ್ತಿದ್ದೆವು. ಒಂಬತ್ತನೇ ತರಗತಿಯಲ್ಲಿ ಒಂದು ನಿಮಿಷ ತಡವಾದದ್ದಕ್ಕೆ ನಾನು ಮಧ್ಯಾಹ್ನದವರೆಗೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಸಮಯದ ಮಹತ್ವವನ್ನು ಕಲಿತಿದ್ದೇನೆ.

"ಪ್ರಫುಲ್ಲಾ, ಹಾಡು ಬರ್ತಿಲ್ಲ. ನಾಲ್ಕು ಗಂಟೆಗೆ ಬಾ," ಎಂದರು. ನಾನು ಮೂರು ಮುಕ್ಕಾಲಿಗೇ ಅವರ ಗೇಟಿನ ಮುಂದಿದ್ದೆ.

ಕಂಪ್ಯೂಟರು ನಡುಮನೆಯ ಮೂಲೆಯಲ್ಲಿ, ಅವರ ಯಜಮಾನರ ಫೋಟೋದ ಕೆಳಗೆ ಇತ್ತು. ಶಿವನಂಜಪ್ಪನವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದರು. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಸೀಟಿ ಊದಿ ಹೇಳುವ ಕೆಲಸ. ಬಡಕಲು ಮೈಯ, ಮೆತ್ತನೆ ಮಾತಿನ ಮನುಷ್ಯ. ತೀರಿಹೋಗಿ ಒಂದೂವರೆ ವರ್ಷವಾಗಿತ್ತು. ಅವರಿಗೆ ಹಾಡುವ ಚಟವಿತ್ತು, ಹಾಡಲು ಬೇಕಾದ ಮಿಕ್ಕ ಯಾವುದೂ ಇರಲಿಲ್ಲ. ಮೇಡಂ ಒಂದು ವಾರ ತಂಗಿಯ ಮನೆಗೆ ಹೋಗಿದ್ದಾಗ, ತಾವೇ ಕಟ್ಟಿದ ಹಾಡೊಂದನ್ನು ಈ ಕಂಪ್ಯೂಟರಿನ ಮುಂದೆ ಕೂತು ಹಾಡಿ, ತುಂಬಿಸಿ ಇಟ್ಟಿದ್ದರು. ಅವರು ತೀರಿಹೋದ ಎರಡು ತಿಂಗಳ ಮೇಲೆ ಮೇಡಂ ಕಣ್ಣಿಗೆ ಅದು ಬಿತ್ತು. ಶಾಲೆಯಿಂದ ಬಂದು ಕಾಫಿ ಕುಡಿಯುತ್ತಿದ್ದ ಹೊತ್ತು ನಾಲ್ಕು ಹತ್ತು. ನಿವೃತ್ತರಾದ ಮೇಲೂ ಕಾಫಿ ಆ ಹೊತ್ತಿಗೇ. ಅಂದಿನಿಂದ ಕಾಫಿಯ ಜೊತೆ ದಿನಕ್ಕೊಂದು ಸಲ ಆ ಹಾಡು.

"ಈಗ ಮೂರು ತಿಂಗಳಿಂದ ಸರಿಯಾಗಿ ಬರ್ತಿಲ್ಲ. ವಾರದಲ್ಲಿ ಐದು ದಿನ ಬರಲ್ಲ," ಎಂದರು ಮೇಡಂ.

ನಾನು ಹಾಡು ಹಾಕಿದೆ. ಗೆರೆ ಓಡಿತು. ಸದ್ದಿಲ್ಲ. ಬೇರೆ ಹಾಡೊಂದನ್ನು ಹಾಕಿದೆ. ಚೆನ್ನಾಗಿಯೇ ಬಂತು. ಆದರೂ ವೈರು ಕಿತ್ತೆ, ಊದಿದೆ, ಸಿಕ್ಕಿಸಿದೆ. ಮ್ಯೂಟ್ ನೋಡಿದೆ. ಹಸಿರು ತೂತು ನೋಡಿದೆ.

"ಡ್ರೈವರ್ ಹೋಗಿರಬೇಕು ಮೇಡಂ."

"ಒಂದು ಹಾಡಿಗೆ ಒಂದು ಡ್ರೈವರ್ ಇರುತ್ತಾ?"

ನಾನು ವೈರನ್ನು ಇನ್ನೊಂದು ಸಲ ಊದಿದೆ.

"ನಾನೂ ಇದೇ ಊರಲ್ಲಿ ಹುಟ್ಟಿದವಳು ಪ್ರಫುಲ್ಲಾ," ಎಂದು ಅವರು ಕಾಫಿ ಲೋಟ ಕೆಳಗಿಟ್ಟರು. "ಇದು ಸಿನಿಮಾ ಹಾಡಲ್ಲ. ಅಂಗಡಿಯಲ್ಲಿ ಸಿಗಲ್ಲ. ಅವರು ಹಾಡಿದ್ದು, ಈ ಡಬ್ಬದೊಳಗೆ ಇರೋದು. ಇಲ್ಲಿ ಬರ್ತಿಲ್ಲ ಅಂದ್ರೆ ಇದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಯಾರೋ ಕೇಳ್ತಿದ್ದಾರೆ. ಅವರಿಗೆ ಇದನ್ನ ಕೊಟ್ಟೋರು ಯಾರು? ಯಾಕೆ ಕೊಟ್ರು?"

ಅಷ್ಟರಲ್ಲಿ ಆ ಇನ್ನೊಂದು ಮನೆಯವರು ನಿಲ್ಲಿಸಿರಬೇಕು. ಸ್ಪೀಕರಿನಿಂದ ಶಿವನಂಜಪ್ಪನವರು ಇದ್ದಕ್ಕಿದ್ದಂತೆ ಹಾಡತೊಡಗಿದರು. ಇಬ್ಬರೂ ಬೆಚ್ಚಿದೆವು. ಮೇಡಂ ಅದನ್ನು ಮೊದಲಿನಿಂದ ಹಾಕಿದರು.

"ಎಂಟರ ಗಾಡಿ ನಿಲ್ಲಿಸಿದೆನು, ನಿನ್ನ ಸಲುವಾಗಿ ನಿಲ್ಲಿಸಿದೆನು, ಬೈಯೋರು ಬೈಯಲಿ ಎರಡು ನಿಮಿಷ, ಬಾರೇ ನನ್ನ ತಡದ ಹುಡುಗಿ."

ಶ್ರುತಿ ಅವರನ್ನು ಮೊದಲ ಪದದಲ್ಲೇ ಬಿಟ್ಟು ಹೊರಟುಹೋಗಿತ್ತು. ತಾಳವನ್ನು ಕುರ್ಚಿಯ ಕೈ ಮೇಲೆ ಬಡಿದಿದ್ದರು. ನಡುವೆ ಒಂದು ಕಡೆ ಕೆಮ್ಮಿ, "ಇರಲಿ" ಎಂದು ತಮಗೆ ತಾವೇ ಹೇಳಿಕೊಂಡು ಮುಂದುವರಿದಿದ್ದರು.

"ಕೇಳಿದ್ಯಾ?" ಎಂದರು ಮೇಡಂ. "ತಡದ ಹುಡುಗಿಯಂತೆ. ಅದು ನಾನಂತೂ ಅಲ್ಲ. ಯಾರು ಅಂತ ಹುಡುಕು."

ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಅವರು ದಿನಕ್ಕೊಂದು ಸಲ ಆ ಹಾಡನ್ನು ಕೇಳುತ್ತಿದ್ದುದು ದುಃಖಕ್ಕೋ ವಿಚಾರಣೆಗೋ ಎನ್ನುವುದು ನನಗೆ ಆಗ ಸ್ವಲ್ಪ ಅರ್ಥವಾಯಿತು. ಅವರು ಎರಡು ಗೆರೆಯ ನೋಟ್‌ಪುಸ್ತಕವೊಂದನ್ನು ನನ್ನ ಕೈಗಿಟ್ಟರು. ಹಾಡು ಬಾರದ ದಿನ, ಬಾರದೆ ನಿಂತ ಹೊತ್ತು, ಮತ್ತೆ ಬಂದ ಹೊತ್ತು, ಎಲ್ಲ ದುಂಡಗೆ ಬರೆದಿತ್ತು. ನಾಲ್ಕು ಹತ್ತರಿಂದ ನಾಲ್ಕೂವರೆ, ನಾಲ್ಕು ಹತ್ತರಿಂದ ನಾಲ್ಕು ಇಪ್ಪತ್ತೈದು. ಕೊನೆಯ ಹಾಳೆಯಲ್ಲಿ ಒಂದೇ ಹೆಸರು: ಫಿಲೋಮಿನಾ, ಡಿಪೋ ಬುಕಿಂಗ್. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ಸದಾ ತಡ."

ಫಿಲೋಮಿನಮ್ಮನ ಮನೆಗೆ ನಾನು ಉಚಿತ ತಪಾಸಣೆಯ ನೆಪ ಹೇಳಿಕೊಂಡು ಹೋದೆ. ನಮ್ಮ ಊರಿನಲ್ಲಿ ಯಾವ ಮೆಕ್ಯಾನಿಕ್ಕೂ ಉಚಿತವಾಗಿ ಏನನ್ನೂ ತಪಾಸಣೆ ಮಾಡಿದ್ದಿಲ್ಲವಾದ್ದರಿಂದ ಆಕೆ ನನಗೆ ಜ್ವರ ಇದೆಯೇ ಎಂದು ವಿಚಾರಿಸಿದರು. ಅವರ ಕಂಪ್ಯೂಟರು ಸತ್ತು ಎರಡು ವರ್ಷವಾಗಿತ್ತು. ಮಾನಿಟರಿನ ಮೇಲೆ ಮನಿಪ್ಲಾಂಟ್ ಬೆಳೆದು ಕಿಟಕಿಗೆ ಹಬ್ಬಿತ್ತು. "ಶಿವನಂಜಪ್ಪೋರಾ? ಪಾಪ, ಒಳ್ಳೆ ಮನುಷ್ಯ," ಎಂದರು. "ನಾನು ತಡವಾಗಿ ಬಂದ್ರೆ ಒಂದು ಮಾತು ಬೈತಿರ್ಲಿಲ್ಲ. ಆದ್ರೆ ಹಾಡ್ತಿದ್ರಲ್ಲಮ್ಮ, ಅದಕ್ಕೆ ಹೆದರಿ ನಾನು ಇನ್ನೂ ತಡವಾಗಿ ಬರ್ತಿದ್ದೆ."

ಅದನ್ನು ಮೇಡಂಗೆ ವರದಿ ಮಾಡಿದೆ. ಅವರಿಗೆ ಸಮಾಧಾನವೂ ಆದಂತೆ ಕಾಣಲಿಲ್ಲ, ನಿರಾಸೆಯೂ ಆದಂತೆ ಕಾಣಲಿಲ್ಲ. ಕೆಂಪು ಶಾಯಿಯ ಹೆಸರನ್ನು ಹೊಡೆದುಹಾಕಿ, "ಹುಡುಕು" ಎಂದರು. ಅವರ ಮುಖ ಸೊರಗಿತ್ತು. ಮೂವತ್ತೈದು ವರ್ಷದ ಸಂಸಾರವನ್ನು ಉತ್ತರ ಪತ್ರಿಕೆಯ ಹಾಗೆ ಮುಂದಿಟ್ಟುಕೊಂಡು ಎಲ್ಲಿ ತಪ್ಪಿದೆ ಎಂದು ತಿದ್ದುತ್ತಾ ಕೂತವರ ಹಾಗಿದ್ದರು.

ನಾಲ್ಕನೇ ದಿನ ನಾನು ಅಂಗಡಿಯಲ್ಲಿ ಕೀಬೋರ್ಡಿನೊಳಗಿಂದ ಅವಲಕ್ಕಿ ತೆಗೆಯುತ್ತಾ ಕೂತಿದ್ದಾಗ ಕೆಂಪಾಜಮ್ಮ ಬಂದಳು. ಕೆಂಪಾಜಮ್ಮ ನಮ್ಮ ಬೀದಿಗೂ ಮೇಡಂ ಬೀದಿಗೂ ಹಾಲು ಹಾಕುವವಳು. ಚೆಲುವಿ ಎಂಬ ಎಮ್ಮೆ ಇದೆ. ಮಗಳು ನರ್ಸಿಂಗ್ ಓದಲು ಹೋಗುವಾಗ ಮನೆಯಲ್ಲಿ ಬಿಟ್ಟುಹೋದ ಕಂಪ್ಯೂಟರೂ ಇದೆ.

"ಪ್ರಫುಲ್ಲವ್ವಾ, ನೀನು ಹಾಕ್ಕೊಟ್ಟ ಹಾಡು ಸರಿಯಾಗಿ ಬರಾಕಿಲ್ಲ ಕಣವ್ವ," ಎಂದಳು. "ಮಿಕ್ಕವು ಹಾಳಾಗೋಗ್ಲಿ, ಅವು ಯಾವತ್ತೂ ಬಂದಿಲ್ಲ. ಆ ಗಾಡಿ ಹಾಡು ಒಂದು ಬತ್ತಿತ್ತು. ಈಗ ವಾರಕ್ಕೆ ಎರಡು ದಿನ ಅದೂ ಬರಾಕಿಲ್ಲ."

"ಯಾವ ಗಾಡಿ ಹಾಡು ಕೆಂಪಾಜಕ್ಕ?"

"ಅದೇ, ಎಂಟರ ಗಾಡಿ ನಿಲ್ಸಿದೆನು ಅಂತ. ಯಾವನೋ ಅಯ್ಯ ಕುರ್ಚಿ ಕುಟ್ಕೊಂಡು ಹಾಡವ್ನೆ."

ನಾನು ಇಕ್ಕಳ ಕೆಳಗಿಟ್ಟೆ. ನಾಲ್ಕು ತಿಂಗಳ ಹಿಂದೆ ಮೇಡಂ ಕಂಪ್ಯೂಟರಿಗೆ ವೈರಸ್ ಹೊಕ್ಕು ನನ್ನ ಅಂಗಡಿಗೆ ಬಂದಿತ್ತು. ಒಳಗಿದ್ದದ್ದನ್ನೆಲ್ಲ ನನ್ನ ಡಿಸ್ಕಿಗೆ ಹಾಕಿಕೊಂಡು, ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿಸಿ ಕೊಟ್ಟಿದ್ದೆ. ಕೆಲಸ ಮುಗಿದ ಮೇಲೆ ಗಿರಾಕಿಯ ಸಾಮಾನನ್ನು ಅಳಿಸಬೇಕು ಎಂದು ನನಗೆ ಕೋರ್ಸಿನಲ್ಲಿ ಕಲಿಸಿದ್ದರು. ಅಳಿಸುವುದು ಬಿಟ್ಟು, ಅವರ ಹಾಡುಗಳನ್ನು ನನ್ನ 'ಹಾಡುಗಳು' ಎಂಬ ಫೋಲ್ಡರಿಗೆ ಸುರಿದುಕೊಂಡಿದ್ದೆ. ವಾರ ಕಳೆದ ಮೇಲೆ ಕೆಂಪಾಜಮ್ಮ ಬಂದು "ಒಂದಷ್ಟು ಹಾಡು ತುಂಬ್ಸಿಕೊಡವ್ವ" ಎಂದಾಗ ಆ ಫೋಲ್ಡರನ್ನೇ ಇಡಿಯಾಗಿ ಎತ್ತಿ ಹಾಕಿ ಕೊಟ್ಟಿದ್ದೆ. ಗಾಜಿನ ಚೌಕಟ್ಟಿನ ಸರ್ಟಿಫಿಕೇಟು ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಸತ್ತ ಮನುಷ್ಯನ ಶೀಲದ ಮೇಲೆ ಮೂರು ತಿಂಗಳಿಂದ ವಿಚಾರಣೆ ನಡೆಯುತ್ತಿತ್ತು, ಅಪರಾಧಿ ಅದೇ ವಿಚಾರಣೆಯ ಪತ್ತೇದಾರಳಾಗಿ ಮನೆ ಮನೆ ತಿರುಗುತ್ತಿದ್ದಳು.

"ಸಂಜೆ ಎಷ್ಟು ಹೊತ್ತಿಗೆ ಹಾಕ್ತೀಯ?" ಎಂದು ಕೇಳಿದೆ, ಉತ್ತರ ಗೊತ್ತಿದ್ದರೂ.

"ಹಾಲು ಕರೆಯೋ ಹೊತ್ತಿಗೆ ಕಣವ್ವ, ನಾಕು ಗಂಟೆ ಮೇಲೆ. ಕರು ಹೋದಾಗಿಂದ ಚೆಲುವಿ ಹಾಲೇ ಬಿಡಾಕಿಲ್ಲ ಅಂತಿದ್ಲು. ಒಂದಿನ ಸುಮ್ನೆ ಹಾಡು ಹಾಕ್ದೆ. ಮಿಕ್ಕವು ಯಾವ್ದೂ ಬರ್ಲೇ ಇಲ್ಲ. ಈ ಅಯ್ಯಂದು ಮಾತ್ರ ಬಂತು. ಅದು ಕೇಳ್ತಾ ಕೇಳ್ತಾ ಕಿವಿ ಇಳಿಬಿಟ್ಕೊಂಡು ತಂಬಿಗೆ ತುಂಬಾ ಹಾಲು ಬಿಟ್ಲು. ಅವತ್ತಿಂದ ದಿನಾ ಅದೇ."

ಮೇಡಂಗೆ ಫೋನ್ ಮಾಡಿ, "ಸಿಕ್ಕಿದ್ದಾರೆ, ನಾಳೆ ಕರ್ಕೊಂಡು ಹೋಗ್ತೀನಿ" ಎಂದಷ್ಟೇ ಹೇಳಿದೆ. ಹೇಗೆ ಸಿಕ್ಕರು, ಹಾಡು ಅಲ್ಲಿಗೆ ಹೇಗೆ ಹೋಯಿತು ಎಂಬ ಸಣ್ಣಪುಟ್ಟ ವಿವರಗಳನ್ನು ಹೇಳಿ ಹಿರಿಯರಿಗೆ ತೊಂದರೆ ಕೊಡುವುದು ಬೇಡವೆನ್ನಿಸಿತು.

ಮರುದಿನ ಮೇಡಂ ಇನ್‌ಸ್ಪೆಕ್ಷನ್ ದಿನಗಳಲ್ಲಿ ಉಡುತ್ತಿದ್ದ ಬಿಳಿ ಅಂಚಿನ ಸೀರೆ ಉಟ್ಟು ಬಂದರು. ಕೆಂಪಾಜಮ್ಮನ ಓಣಿಗೆ ತಿರುಗುತ್ತಿದ್ದಂತೆಯೇ ಶಿವನಂಜಪ್ಪನವರ ದನಿ ಕೇಳಿಸಿತು. ಮೇಡಂ ನಿಂತುಬಿಟ್ಟರು. ಆಮೇಲೆ ಗಂಟೆ ಹೊಡೆದ ತರಗತಿಯೊಳಗೆ ನುಗ್ಗುವ ಹಾಗೆ ನೇರ ಒಳಗೆ ನಡೆದರು.

ಒಳಗೆ ಹೆಂಗಸು ಇದ್ದದ್ದು ನಿಜ. ಕಂಪ್ಯೂಟರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಎರಡು ಸ್ಪೀಕರುಗಳನ್ನೂ ಕೊಟ್ಟಿಗೆಯ ಕಡೆಗೆ ತಿರುಗಿಸಿ ಕಟ್ಟಿದ್ದಳು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು. ಚೆಲುವಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. "ಬಾರೇ ನನ್ನ ತಡದ ಹುಡುಗಿ" ಎಂದು ಶಿವನಂಜಪ್ಪನವರು ಎಮ್ಮೆಯನ್ನು ಕರೆಯುತ್ತಿದ್ದರು.

ಮೇಡಂ ಏನೇನನ್ನೋ ಊಹಿಸಿಕೊಂಡು, ಏನೇನನ್ನೋ ಹೇಳಲು ಸಿದ್ಧಮಾಡಿಕೊಂಡು ಬಂದಿದ್ದರು. ಎಮ್ಮೆಗೆ ಹೇಳುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

"ಅಯ್ಯೋ ಅಮ್ಮಾರು! ಬನ್ನಿ ಬನ್ನಿ," ಎಂದು ಕೆಂಪಾಜಮ್ಮ ಗಡಬಡಿಸಿ ಎದ್ದಳು. "ನಿಮ್ಮ ಮನೆ ಹಾಲೇ ಕರೀತಿದ್ದೆ."

"ಈ ಹಾಡು ಎಲ್ಲಿಂದ ಬಂತು?"

"ಇದಾ? ಪ್ರಫುಲ್ಲವ್ವನೇ ಹಾಕ್ಕೊಟ್ಟಿದ್ದು."

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಚೆಲುವಿಯನ್ನು ನೋಡಿದೆ. ಆಮೇಲೆ ಇದ್ದದ್ದನ್ನೆಲ್ಲ ಹೇಳಿದೆ: ವೈರಸ್, ಡಿಸ್ಕು, ಫೋಲ್ಡರು. ಹೇಳುತ್ತಾ ಹೋದಂತೆ ನನ್ನ ದನಿ ಒಂಬತ್ತನೇ ತರಗತಿಗೆ ಇಳಿಯಿತು.

"ಅಂದ್ರೆ ಅವರು ಯಾರಿಗೂ ಕೊಟ್ಟಿಲ್ಲ," ಎಂದರು ಮೇಡಂ ಮೆಲ್ಲಗೆ.

"ಇಲ್ಲ ಮೇಡಂ. ನಾನು ಕೊಟ್ಟಿದ್ದು."

"ಅಳಿಸು."

"ಮೇಡಂ, ಎಮ್ಮೆ..."

"ಅಳಿಸು ಅಂದೆ. ನಮ್ಮ ಮನೆಯವರ ದನಿ ಕೊಟ್ಟಿಗೆಯಲ್ಲಿ ಕೂಗೋದು ಬೇಡ."

ನಾನು ಕಿಟಕಿಯ ಹತ್ತಿರ ಹೋಗಿ ಹಾಡನ್ನು ನಿಲ್ಲಿಸಿ ಅಳಿಸಿದೆ. ಚೆಲುವಿ ಕಣ್ಣು ಬಿಟ್ಟು, ಹಿಂಗಾಲು ಝಾಡಿಸಿ ತಂಬಿಗೆಯನ್ನು ಉರುಳಿಸಿತು. ಹಾಲು ಸಗಣಿಯ ಮೇಲೆ ಹರಿಯಿತು. ಕೆಂಪಾಜಮ್ಮ ಅದನ್ನು ನೋಡಲೇ ಇಲ್ಲ. ಅವಳು ಮೇಡಂ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮ ಯಜಮಾನ್ರಾ ಅಮ್ಮಾರೆ? ಅಂದ್ರೆ ಟೈಮ್‌ಕೀಪರ್ ಶಿವನಂಜಪ್ಪೋರಾ? ಅದಕ್ಕೇ ಎಂಟರ ಗಾಡಿ ಹಾಡು! ನನಗೆ ಹೊಳೀಲೇ ಇಲ್ಲ ನೋಡಿ. ನಾನು ಆ ಗಾಡೀಲೇ ಡೇರಿಗೆ ಹಾಲು ಒಯ್ತಿದ್ದೆ. ಎಷ್ಟು ಬೈದಿದೀನಿ ಅವರ್ನ. ದಿನಾ ಎರಡು ನಿಮಿಷ ನಿಲ್ಸೋರು, ಆಮೇಲೆ ಸೀಟಿ ಊದೋರು. 'ಯಾಕ್ರಯ್ಯಾ' ಅಂದ್ರೆ ನಗೋರು. ಯಾರೋ ಟೀಚರಮ್ಮ ಬರಬೇಕಂತೆ. ನೀಲಿ ಕೊಡೆ ಹಿಡ್ಕೊಂಡು ಓಡೋಡಿ ಬರೋರು, ಹತ್ತಿದ ಮೇಲೇ ಗಾಡಿ ಹೊರಡೋದು. ನಾನು ಹಿಂದ್ಗಡೆ ಹಾಲಿನ ಕ್ಯಾನ್ ಕಾಯ್ಕೊಂಡು ಕೂತಿರ್ತಿದ್ದೆ, ಕೊಡೆ ಬಿಟ್ರೆ ಮುಖ ಕಂಡಿಲ್ಲ."

"ಯಾವ ಕಾಲದ ಮಾತು?"

"ಶುರುವಾಗಿ ಬಾಳ ವರ್ಷ ಆಯ್ತು ಅಮ್ಮಾರೆ. ಆಮೇಲೂ ನಿಲ್ಸೋರು. ಅವರು ಡಿಪೋ ಬಿಡೋ ತನಕ."

"ಆ ಗಾಡಿ ಹೊರಡೋ ಹೊತ್ತೇ ಎಂಟು ಗಂಟೆ ಎರಡು ನಿಮಿಷ," ಎಂದರು ಮೇಡಂ.

"ಎಂಟಕ್ಕೆ ಅಮ್ಮಾರೆ. ಬೋರ್ಡ್ ಮೇಲೆ ಬರ್ದಿತ್ತಲ್ಲ, ನನ್ನಂಥ ಹೆಬ್ಬೆಟ್ಟಿಗೂ ಗೊತ್ತಿತ್ತು."

ಮೇಡಂ ಬೋರ್ಡ್ ನೋಡಿದವರಲ್ಲ. ಅವರು ಹೋಗುತ್ತಿದ್ದರು, ಗಾಡಿ ಇರುತ್ತಿತ್ತು, ಹತ್ತುತ್ತಿದ್ದರು. ಅವರ ನೀಲಿ ಕೊಡೆಯನ್ನು ನಾನೂ ನೋಡಿದ್ದೇನೆ. ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುಹಾಕಿರುತ್ತಿತ್ತು, ಅದರ ತುದಿ ತಾಗಿದರೆ ಎಷ್ಟು ನೋವಾಗುತ್ತದೆ ಎಂದೂ ಗೊತ್ತು. ಇಪ್ಪತ್ತು ವರ್ಷಗಳಿಂದ ನಾನು ಇಂಥದ್ದೊಂದು ಕ್ಷಣಕ್ಕಾಗಿ ಕಾದಿದ್ದೆ ಎನ್ನಬೇಕು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತ ಎಲ್ಲ ಹುಡುಗಿಯರ ಪರವಾಗಿ ಒಂದು ನಗು ನನ್ನ ಗಂಟಲವರೆಗೂ ಬಂತು. ಆದರೆ ಮೇಡಂ ಕೊಟ್ಟಿಗೆಯ ಕಂಬ ಹಿಡಿದುಕೊಂಡಿದ್ದ ರೀತಿ ನೋಡಿ ಅದು ಅಲ್ಲೇ ಇಂಗಿತು. ಅವರು ಕಂಬ ಬಿಟ್ಟು ಹೊರಗೆ ಹೋದರು.

ಮುಂದಿನ ದಿನಗಳಲ್ಲಿ ಎಲ್ಲವೂ ಮೇಡಂ ಬಯಸಿದ ಹಾಗೇ ನಡೆಯಿತು. ನನ್ನ ಡಿಸ್ಕಿನಲ್ಲಿದ್ದದ್ದನ್ನೂ ನಾನು ಅಳಿಸಿದೆ. ಇಡೀ ಪ್ರಪಂಚದಲ್ಲಿ ಆ ಹಾಡು ಅವರೊಬ್ಬರ ಬಳಿಯೇ ಉಳಿಯಿತು. ನಾಲ್ಕು ಹತ್ತಕ್ಕೆ ಯಾವ ಅಡ್ಡಿಯೂ ಇಲ್ಲದೆ ಬರುತ್ತಿತ್ತು. ಹಾಲು ಮಾತ್ರ ಬರಲಿಲ್ಲ. ಕೆಂಪಾಜಮ್ಮ ಸಿನಿಮಾ ಹಾಡು ಹಾಕಿದಳು, ಅದು ಆಗಲೇ ಯಾರದೋ ಮನೆಯಲ್ಲಿ ಹಾಡುತ್ತಿತ್ತು. ದೇವರ ಹಾಡು ಹಾಕಿದಳು, ಅಮಲ್ದಾರರು ಬಿಡಲಿಲ್ಲ. ಪಶು ವೈದ್ಯರು ಬಂದು ಸೂಜಿ ಚುಚ್ಚಿ, ಎಮ್ಮೆಗೆ ಮನಸ್ಸಿಲ್ಲ ಎಂದು ಹೇಳಿ ಹೋದರು. ನಮ್ಮ ಎರಡು ಬೀದಿಯವರು ಕರಿ ಕಾಫಿ ಕುಡಿದು, ಅದು ಆರೋಗ್ಯಕ್ಕೆ ಒಳ್ಳೆಯದೆಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡೆವು. ಕೆಂಪಾಜಮ್ಮ ಒಂದು ದಿನ ನನ್ನ ಅಂಗಡಿ ಮುಂದೆ ಹಾದುಹೋಗುತ್ತಾ, "ಮಾರ್ಬಿಡ್ತೀನಿ ಕಣವ್ವ ಅದನ್ನ. ಮೂಕ ಪ್ರಾಣಿ, ಹೊಡೆಯಾಕೆ ಮನಸ್ಸು ಬರಾಕಿಲ್ಲ," ಎಂದಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆರನೇ ದಿನ ಮೇಡಂ ನನ್ನ ಅಂಗಡಿಗೆ ಬಂದರು. ಸ್ಟೂಲು ಒರೆಸಿ ಕೊಟ್ಟೆ. ಕೂತರು.

"ಡಿಪೋಗೆ ಹೋಗಿದ್ದೆ," ಎಂದರು. "ಹಳೇ ವೇಳಾಪಟ್ಟಿ ತೆಗೆಸಿ ನೋಡಿದೆ. ಎಂಟು ಗಂಟೆಯೇ."

ನಾನು ಮೇಜಿನ ಮೇಲಿದ್ದ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದೆ.

"ನಿನ್ನನ್ನ ಒಂದು ಸಲ ಗೇಟಿನ ಹೊರಗೆ ನಿಲ್ಲಿಸಿದ್ದೆ ಅಲ್ವಾ? ಎಷ್ಟು ತಡ ಮಾಡಿದ್ದೆ?"

"ಒಂದು ನಿಮಿಷ ಮೇಡಂ."

"ಒಂದು," ಎಂದರು. "ಒಂದು ಮಾತು ಹೇಳಬಹುದಿತ್ತು ಅವರು. ಮೂವತ್ತೊಂದು ವರ್ಷ!"

"ಹೇಳಿದ್ದಾರಲ್ಲ ಮೇಡಂ. ಹಾಡಿನಲ್ಲಿ."

"ಅದು ನಾಲ್ಕನೇ ಸಾಲಿನಲ್ಲಿ ಬರುತ್ತೆ ಪ್ರಫುಲ್ಲಾ. ಅವರು ಹಾಡೋಕೆ ಶುರು ಮಾಡಿದ್ರೆ ನಾನು ಎರಡನೇ ಸಾಲಿಗೇ 'ಸಾಕು' ಅಂತಿದ್ದೆ. ಒಂದು ದಿನವೂ ಪೂರ್ತಿ ಕೇಳ್ಲಿಲ್ಲ. ಅವರೂ ಅಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಗಿಡಕ್ಕೆ ನೀರು ಹಾಕೋರು." ಅವರು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಆ ಎಮ್ಮೆ ಪೂರ್ತಿ ಕೇಳುತ್ತಾ?"

"ಪೂರ್ತಿ ಕೇಳುತ್ತಂತೆ. ಮುಗಿದ ಮೇಲೆ ಮತ್ತೆ ಹಾಕಬೇಕಂತೆ."

"ಹಾಗಾದ್ರೆ ಹೋಗಿ ಅಲ್ಲಿ ಹಾಕು."

"ನಿಮ್ಮ ಕಾಫಿ ಹೊತ್ತು ಮೇಡಂ..."

"ನಾನು ಆರು ಗಂಟೆಗೆ ಕೇಳ್ತೀನಿ. ಹೇಳಿದಷ್ಟು ಮಾಡು. ಮತ್ತೆ ಇನ್ನೊಂದು ಮಾತು, ಇನ್ನೊಬ್ಬರ ಸಾಮಾನು ನಿನ್ನ ಡಿಸ್ಕಿನಲ್ಲಿ ಉಳೀತು ಅಂತ ಗೊತ್ತಾದ್ರೆ, ಈ ವಯಸ್ಸಲ್ಲೂ ನಿನ್ನನ್ನ ಅಂಗಡಿ ಹೊರಗೆ ನಿಲ್ಲಿಸ್ತೀನಿ."

ಅಂದು ಸಂಜೆಯೇ ಮೇಡಂ ಮನೆಯಿಂದ ಹಾಡನ್ನು ಪೆನ್‌ಡ್ರೈವಿನಲ್ಲಿ ಒಯ್ದು ಕೆಂಪಾಜಮ್ಮನ ಕಂಪ್ಯೂಟರಿಗೆ ಹಾಕಿದೆ. ಚೆಲುವಿ ಮೊದಲು ಅನುಮಾನದಿಂದ ಕಿವಿ ನಿಮಿರಿಸಿತು. ಶಿವನಂಜಪ್ಪನವರು ಕೆಮ್ಮಿ "ಇರಲಿ" ಎನ್ನುವ ಹೊತ್ತಿಗೆ ಕಿವಿ ಇಳಿಬಿಟ್ಟಿತ್ತು. ಕೆಂಪಾಜಮ್ಮ ತಂಬಿಗೆಯೊಳಗೆ ಹಾಲು ಬೀಳುವ ಸದ್ದಿನ ನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಶ್ರುತಿ ಇಲ್ದಿದ್ರೆ ಏನಂತೆ, ಪುಣ್ಯಾತ್ಮ," ಎಂದಳು. ಡ್ರೈವರ್ ಹಾಕದೆಯೂ ಒಂದು ಮನೆಯಲ್ಲಿ ಹಾಡು ಸರಿಮಾಡಿ ಬಂದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಆಮೇಲೆ ಎರಡು ತಿಂಗಳು ಮೇಡಂ ನನಗೆ ಫೋನ್ ಮಾಡಲಿಲ್ಲ. ಮೊನ್ನೆ ಅವರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಕರೆದರು. ಹೋದಾಗ ನಾಲ್ಕು ಗಂಟೆ ಕಳೆದಿತ್ತು. ಬಾಗಿಲು ತೆರೆದೇ ಇತ್ತು. ಮೇಡಂ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಗಟ್ಟಿ ಹಾಲಿನ ಕಾಫಿ. ಪರದೆಯ ಮೇಲೆ ಶಿವನಂಜಪ್ಪನವರ ಹಾಡಿನ ಗೆರೆ ಓಡುತ್ತಿತ್ತು, ಮನೆ ನಿಶ್ಶಬ್ದವಾಗಿತ್ತು. ಅವರು ಆ ಗೆರೆಯನ್ನೇ ನೋಡುತ್ತಾ, ಗುಟುಕು ಗುಟುಕಾಗಿ ಕಾಫಿ ಕುಡಿಯುತ್ತಿದ್ದರು. ಅಭ್ಯಾಸಬಲ, ನನ್ನ ಕೈ ತಾನಾಗಿಯೇ ಸ್ಪೀಕರಿನ ವೈರಿನ ಕಡೆಗೆ ಹೋಯಿತು.

"ಮುಟ್ಟಬೇಡ," ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಸರಿಯಾಗೇ ಇದೆ."